ಹೋದರೆ ಮಾತ್ರ

ಶಶಿರೇಖಾ ಮೇಡಂ ಬೋರ್ಡಿನ ಮೇಲೆ ಎರಡು ವಾಕ್ಯ ಬರೆದು ಇವೆರಡಕ್ಕೂ ಏನು ವ್ಯತ್ಯಾಸ ಎಂದು ಕೇಳಿದಾಗ ಮಾನಸ ಎಲ್ಲರಿಗಿಂತ ಮೊದಲು ಕೈ ಎತ್ತಿದ್ದಳು. ಚಾಮರಾಜನಗರದಲ್ಲಿ ಅರಿಸಿನದ ಮಂಡಿಯೊಂದರ ಮೇಲಿನ ಕೋಣೆ ಅದು. ವಕೀಲರಾದ ಮೇಡಂ ಭಾನುವಾರ ಬೆಳಿಗ್ಗೆ ಅಲ್ಲಿ ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ಪಾಠ ಹೇಳುತ್ತಿದ್ದರು. ಕೆಳಗೆ ಚೀಲ ಕೊಡವಿದಾಗ ಏಳುವ ಹಳದಿ ಧೂಳು ಕಿಟಕಿಯ ಸರಳುಗಳ ಮೇಲೆ, ಬೆಂಚಿನ ಮೇಲೆ ಕೂತಿರುತ್ತಿತ್ತು. ಕೂದಲಿಗೆ ಹತ್ತಿದ ಆ ವಾಸನೆ ಗುಂಡ್ಲುಪೇಟೆ ದಾಟಿ ಬೇಗೂರಿನ ಆಚೆಗಿನ ತನ್ನ ಹಳ್ಳಿಯವರೆಗೂ ಬಸ್ಸಿನಲ್ಲಿ ಜೊತೆಗೆ ಬರುವುದು ಮಾನಸಳಿಗೆ ಇಷ್ಟವಾಗಿತ್ತು. ಓದಲು ಹೋಗಿಬಂದವಳು ಎಂಬುದಕ್ಕೆ ಅದೊಂದು ಗುರುತು. ಬೋರ್ಡಿನ ಮೇಲೆ ‘ಹೋದರೆ ಸಿಗುತ್ತದೆ’ ಎಂದಿತ್ತು, ಅದರ ಕೆಳಗೆ ‘ಹೋದರೆ ಮಾತ್ರ ಸಿಗುತ್ತದೆ’ ಎಂದಿತ್ತು, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಇಫ್, ಓನ್ಲಿ ಇಫ್, ಅನ್‌ಲೆಸ್ ಎಂಬ ಪದಗಳಿದ್ದವು. ಪ್ರಶ್ನೆಪತ್ರಿಕೆಯಲ್ಲಿ ಕಂಡ ಕೂಡಲೇ ಸುತ್ತ ಗೆರೆ ಎಳೆಯಬೇಕಾದ ಪದಗಳು. ಮಾನಸ ಎದ್ದು ನಿಂತು, “ಎರಡೂ ಒಂದೇ ಮೇಡಂ. ಓದರೆ ಸಿಗ್ತದೆ ಅಂತ. ಎರಡನೇದರಲ್ಲಿ ಸ್ವಲ್ಪ ಒತ್ತಿ ಹೇಳಿದೆ, ಅಷ್ಟೆ” ಎಂದಳು. ಮುಂದಿನ ಬೆಂಚಿನ ನಯನಾ ತಿರುಗದೆಯೇ, “ಯಾರು ಓದಿದರೆ?” ಎಂದು ಮೆಲ್ಲಗೆ ಕೇಳಿದಳು. ನಾಲ್ಕೈದು ಜನ ನಕ್ಕರು. ಹಕಾರವನ್ನು ಈ ಕೋಣೆಯ ಮೆಟ್ಟಿಲು ಹತ್ತುವಾಗಲೇ ಬಾಯಲ್ಲಿ ಸಿದ್ಧಮಾಡಿಕೊಂಡು ಬರುತ್ತಿದ್ದ ಮಾನಸಳಿಗೆ ಅದು ಇಂದು ಹೇಗೆ ಜಾರಿತೆಂದು ತಿಳಿಯದೆ ಕಿವಿ ಬಿಸಿಯಾಯಿತು.

ಮೇಡಂ ನಗಲಿಲ್ಲ. “ಕೂತ್ಕೊ. ತಪ್ಪು ಉತ್ತರ, ಆದರೆ ಎಲ್ಲರೂ ಮಾಡೋ ತಪ್ಪು. ಹಾಲ್ ಟಿಕೆಟ್ ತಂದರೆ ಮಾತ್ರ ಪರೀಕ್ಷೆಗೆ ಬಿಡ್ತಾರೆ. ತಂದ ಮಾತ್ರಕ್ಕೆ ಬಿಟ್ಟೇಬಿಡ್ತಾರಾ? ಅರ್ಧ ಗಂಟೆ ತಡ ಮಾಡಿ ಹೋಗಿ ನೋಡಿ. ‘ಹೋದರೆ ಸಿಗುತ್ತದೆ’ ಅಂದರೆ ಅವರು ನಿಮಗೆ ಮಾತು ಕೊಟ್ಟ ಹಾಗೆ. ‘ಹೋದರೆ ಮಾತ್ರ’ ಅಂದರೆ ಮಾತು ಕೊಟ್ಟಿಲ್ಲ. ಬಾಗಿಲು ಎಲ್ಲಿದೆ ಅಂತ ತೋರಿಸಿದ್ದಾರೆ, ತೆಗೀತೀವಿ ಅಂದಿಲ್ಲ” ಎಂದರು. ಎಲ್ಲರೂ ಬರೆದುಕೊಂಡರು. ಮಾನಸ ಕೂಡ ‘ಬಾಗಿಲು ಎಲ್ಲಿದೆ’ ಎನ್ನುವವರೆಗೆ ಬರೆದಳು. ಆಮೇಲೆ ಪೆನ್ನು ನಿಂತಿತು. ದಿ ಪೋಸ್ಟ್ ವಿಲ್ ಬಿ ಗಿವನ್ ಟು ಯು ಓನ್ಲಿ ಇಫ್ ಯು ಕಮ್ ಇನ್ ಪರ್ಸನ್. ಆರು ವರ್ಷದ ಹಿಂದೆ ಜಗಲಿಯ ಮೇಲೆ ನಿಂತು ಇಡೀ ಬೀದಿಗೆ ಕೇಳುವಂತೆ ತಾನು ಎರಡು ಸಲ ಓದಿದ್ದ ಆ ಸಾಲು ಒಂದಕ್ಷರವೂ ಮಾಸದೆ ಎದುರಿಗೆ ಬಂದು ನಿಂತಿತು. ಹೆಮ್ಮೆಯಿಂದ ಬಾಯಿಪಾಠ ಮಾಡಿಕೊಂಡದ್ದು ಅಷ್ಟು ಸುಲಭವಾಗಿ ಮರೆಯುವುದಿಲ್ಲ.

ಆಗ ಅವಳು ಏಳನೇ ಕ್ಲಾಸು. ಬೀದಿಯಲ್ಲಿ ಬೇಗೂರಿನ ಇಂಗ್ಲಿಷ್ ಮೀಡಿಯಂ ಶಾಲೆಗೆ ವ್ಯಾನಿನಲ್ಲಿ ಹೋಗುತ್ತಿದ್ದವಳು ಅವಳೊಬ್ಬಳೇ. ಅಪ್ಪನ ಅಕ್ಕ ಮರಿತಾಯಮ್ಮ ಅತ್ತೆ ಸೆರಗಿನಲ್ಲಿ ಸುತ್ತಿಕೊಂಡು ಬಂದ ಕಾಗದವನ್ನು ಬಿಚ್ಚಿ ಅವಳ ಕೈಗಿಟ್ಟಿದ್ದಳು. ಅತ್ತೆಯ ಗಂಡ ಗುಂಡ್ಲುಪೇಟೆಯ ಆಚೆಗಿನ ಮದ್ದೂರಿನ ಕಾಡು ದಾಟಿದ ಮೇಲೆ ಸಿಗುವ ಕೇರಳದ ಕಡೆಯ ಒಂದು ಎಸ್ಟೇಟಿನಲ್ಲಿ ಕಾವಲುಗಾರನಾಗಿದ್ದು, ಕಾಮಾಲೆಯಾಗಿ ಸತ್ತು ಮೂರು ತಿಂಗಳಾಗಿತ್ತು. ಕಾಗದ ಆ ಎಸ್ಟೇಟಿನಿಂದ ಬಂದದ್ದು. ಮಾನಸ ಓದಿ, “ನೀನೇ ಸ್ವತಃ ಹೋದ್ರೆ ಮಾವನ ಕೆಲಸ ನಿನಗೆ ಕೊಡ್ತಾರಂತೆ ಅತ್ತೆ” ಎಂದಿದ್ದಳು. ಓನ್ಲಿ ಎಂಬ ಪದ ಕಂಡಿರಲಿಲ್ಲವೆಂದಲ್ಲ. ಅದನ್ನು ಬಿಟ್ಟರೆ ತಪ್ಪಾದೀತೆಂದು ಯೋಚಿಸಿ, “ನೀನೊಬ್ಬಳೇ ಹೋಗಬೇಕಂತೆ, ಬೇರೆ ಯಾರೂ ಜೊತೆಗೆ ಹೋಗಬಾರದಂತೆ” ಎಂದು ಸೇರಿಸಿದ್ದಳು. ಈಗ, ಅರಿಸಿನದ ಧೂಳಿನ ಬೆಂಚಿನ ಮೇಲೆ, ಆ ಎರಡನೆಯ ಮಾತು ಮೊದಲನೆಯದಕ್ಕಿಂತ ಹೆಚ್ಚು ಹೆದರಿಸಿತು. ಹನ್ನೆರಡು ವರ್ಷದ ಹುಡುಗಿಯೊಬ್ಬಳು ಇಲ್ಲದ ಅಪ್ಪಣೆಯೊಂದನ್ನು ಕಾಗದದೊಳಗಿನಿಂದ ಎತ್ತಿ ಕೊಟ್ಟಿದ್ದಳು; ಆ ಅಪ್ಪಣೆಯನ್ನು ಪಾಲಿಸಿ ಹೆಂಗಸೊಬ್ಬಳು ಕಬ್ಬಿಣದ ಪೆಟ್ಟಿಗೆ ಹೊತ್ತು ಒಬ್ಬಳೇ ಕಾಡಿನ ಬಸ್ಸು ಹತ್ತಿದ್ದಳು. ಹತ್ತುವ ಮುಂಚೆ ಊರಿನ ಶಾಲೆಯ ಬಿಸಿಯೂಟದ ಕೆಲಸಕ್ಕೆ ರಾಜೀನಾಮೆ ಬರೆಸಿಕೊಟ್ಟಿದ್ದಳು.

ಮೇಡಂ ಅನ್‌ಲೆಸ್‌ಗೆ ಹೋಗಿದ್ದರು. ಮಾನಸ ಹೊಟ್ಟೆನೋವು ಎಂದು ಹೇಳಿ ಕೆಳಗಿಳಿದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ ಕಂಡಕ್ಟರ್ ಕೈಚಾಚಿ, “ಆಧಾರ್ ತೋರ್ಸುದ್ರೆ ಮಾತ್ರ ಫ್ರೀ ಕಣಮ್ಮ, ಎಷ್ಟ್ ಸಲ ಕೇಳದು” ಎಂದಾಗ, ಅವನು ಮೊದಲೊಂದು ಸಲ ಕೇಳಿದ್ದು ತನಗೆ ಕೇಳಿಸಿರಲಿಲ್ಲ ಎಂದು ಅವಳಿಗೆ ಗೊತ್ತಾಯಿತು. ಕಾರ್ಡು ತೋರಿಸಿದಳು. ಅತ್ತೆಗೆ ಆ ಬಿಸಿಯೂಟದ ಕೆಲಸ ಸುಮ್ಮನೆ ಸಿಕ್ಕಿದ್ದಲ್ಲ. ಅವಳು ಅಡಿಗೆಗೆ ಬಂದ ಮೊದಲ ತಿಂಗಳು ಮೇಲಿನ ಬೀದಿಯ ಮಕ್ಕಳು ಮನೆಯಿಂದ ಡಬ್ಬಿ ತರುತ್ತಿದ್ದರು. ಮಧ್ಯಾಹ್ನ ಸಾಲಿನಲ್ಲಿ ಅರ್ಧ ಜಾಗ ಖಾಲಿ ಬಿದ್ದಿರುತ್ತಿತ್ತು. ಉಳಿದ ಸಾರನ್ನು ಅತ್ತೆ ಸಂಜೆ ಶಾಲೆಯ ಹಿಂದೆ ಹೋಗಿ ಸುರಿದು, ಪಾತ್ರೆ ತಿಕ್ಕಿ, ಮಾರನೆಯ ದಿನ ಮತ್ತೆ ಎಲ್ಲ ಮಕ್ಕಳ ಲೆಕ್ಕಕ್ಕೇ ಅಕ್ಕಿ ಹಾಕುತ್ತಿದ್ದಳು. ಕಡಿಮೆ ಹಾಕು ಎಂದವರಿಗೆ, ಹೆಸರು ಬರೆಸಿರುವಷ್ಟು ಮಕ್ಕಳಿಗೂ ಹಾಕ್ತೀನಿ ಎನ್ನುತ್ತಿದ್ದಳಂತೆ. ಮೂರನೆಯ ತಿಂಗಳಲ್ಲಿ ಒಬ್ಬೊಬ್ಬರಾಗಿ ಡಬ್ಬಿಗಳು ನಿಂತವು. ಆಮೇಲೆ ಯಾರೂ ಅದರ ಮಾತೆತ್ತಲಿಲ್ಲ. ಹಾಗೆ ಗೆದ್ದ ಒಲೆಯನ್ನು ಅವಳು ಬಿಟ್ಟು ಹೋಗಿದ್ದು ತಾನು ಓದಿದ ಒಂದು ಸಾಲಿಗೆ. ಬಿಟ್ಟ ಜಾಗಕ್ಕೆ ಮೂರೇ ದಿನದಲ್ಲಿ ಬಂದವಳು ತನ್ನ ಅವ್ವ ಶಾಂತಿ. ಅವ್ವನ ಸಾರನ್ನು ಮೊದಲ ದಿನದಿಂದಲೇ ಎಲ್ಲ ಮಕ್ಕಳೂ ಉಂಡಿದ್ದರು. ಅತ್ತೆ ನಾಲ್ಕನೆಯ ದಿನಕ್ಕೆ ಹಿಂದಿರುಗಿದ್ದಳು. ಸಂಜೆ ವ್ಯಾನು ಹೆದ್ದಾರಿಯಿಂದ ಊರ ಕಡೆ ತಿರುಗುವಾಗ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ರಸ್ತೆ ಬದಿಯಲ್ಲಿ ನಡೆಯುತ್ತಿದ್ದವಳನ್ನು ಮಾನಸ ಕಂಡಿದ್ದಳು. ಪಕ್ಕದ ಹುಡುಗಿ “ನಿಮ್ಮತ್ತೆ ಅಲ್ವಾ?” ಎಂದಾಗ ಬಿದ್ದ ರಬ್ಬರ್ ಹುಡುಕುವವಳಂತೆ ಸೀಟಿನ ಕೆಳಗೆ ಬಗ್ಗಿದ್ದಳು. ಅವತ್ತು ಬಗ್ಗಿದ ಬೆನ್ನು ಈಗ ಬಸ್ಸಿನ ಸೀಟಿಗೆ ಒರಗಲೊಲ್ಲದು.

ತೆರಕಣಾಂಬಿ ಕಳೆದ ಮೇಲೆ ರಸ್ತೆಯ ಎರಡೂ ಬದಿ ಚೆಂಡು ಹೂವಿನ ಹೊಲಗಳು ಶುರುವಾದವು. ಅತ್ತೆ ಈಗ ಆರು ವರ್ಷದಿಂದ ಆ ಹೂವು ಕುಯ್ಯುವ ಕೂಲಿ. ದಿನಾ ಬೆಳಿಗ್ಗೆ ಊರಿಗೆ ಬರುವ ಗೂಡ್ಸ್ ಆಟೋದಲ್ಲಿ ಹೆಂಗಸರ ಜೊತೆ ನಿಂತು ಬರುತ್ತಾಳೆ. ಗುಂಡ್ಲುಪೇಟೆ ಇನ್ನೆರಡು ಮೈಲಿ ಇರುವಾಗ, ರಸ್ತೆ ಪಕ್ಕದ ಹುಣಿಸೆ ಮರದಡಿ ಹೂವಿನ ಚೀಲಗಳ ನಡುವೆ ಕೂತ ಹೆಂಗಸರ ಗುಂಪು ಕಂಡು ಮಾನಸ ಬಸ್ಸು ನಿಲ್ಲಿಸಿ ಇಳಿದುಬಿಟ್ಟಳು. ಇಳಿದ ಮೇಲೆ ಏನು ಹೇಳಬೇಕೆಂದು ಯೋಚಿಸಿರಲಿಲ್ಲ ಎಂಬುದು ಹೊಳೆಯಿತು. ಅತ್ತೆ ಅವಳನ್ನು ನೋಡಿ ಹೆದರಿ ಎದ್ದಳು. ಅವಳ ಬೆರಳುಗಳು ಉಗುರಿನ ಬುಡದವರೆಗೆ ಕಂದುಹಸಿರಾಗಿದ್ದವು.

“ಯಾಕಮ್ಮಿ, ಕ್ಲಾಸು ಬುಟ್ಟು ಬಂದ್ಯಾ? ಯಾರ್ಗೇನಾಯ್ತು?”

“ಯಾರಿಗೂ ಏನೂ ಇಲ್ಲ ಅತ್ತೆ. ಆ ಎಸ್ಟೇಟಿನ ಕಾಗದ. ನಾನು ತಪ್ಪು ಓದಿದ್ದೆ. ನೀನು ಹೋದ್ರೆ ಕೊಡ್ತೀವಿ ಅಂತ ಇರಲಿಲ್ಲ ಅದರಲ್ಲಿ. ಹೋದ್ರೆ ಮಾತ್ರ ಅಂತ ಇತ್ತು.”

ಹೇಳುವಾಗಲೇ ಇದು ಎಷ್ಟು ಸಣ್ಣದಾಗಿ ಕೇಳಿಸುತ್ತದೆ ಎಂದು ಅವಳಿಗೆ ನಾಚಿಕೆಯಾಯಿತು. ಅತ್ತೆ ಅವಳಿಗೆ ಚೀಲದ ಮೇಲೆ ಜಾಗ ಮಾಡಿ ಕೂರಿಸಿಕೊಂಡಳು.

“ಅಷ್ಟಕ್ಕೆ ಬಂದ್ಯಾ? ಗೊತ್ತು ಬುಡು. ಅಲ್ಲಿ ಲೆಕ್ಕ ಬರ್ಯೋ ರೈಟ್ರು ಯೋಳ್ದ. ಮಲಯಾಳ ಬೆರ್ಸಿ ಯೋಳ್ದ, ನಂಗೆ ಅರ್ಧ ತಿಳೀತು. ಬಂದೋರ್ಗೆಲ್ಲ ಕೊಡ್ತೀವಿ ಅಂತ ಬರೆದಿಲ್ಲ ಕಣಮ್ಮ, ಬರದೇ ಇದ್ದೋರ್ಗೆ ಕೊಡಲ್ಲ ಅಂತ ಬರೆದಿರೋದು ಅಂದ. ನನ್ಗಿಂತ ಮುಂಚೆ ಆರು ಜನ ಬಂದಿದ್ರು.”

“ಗೊತ್ತಿದ್ದೂ ನನಗ್ಯಾಕೆ ಹೇಳಲಿಲ್ಲ?”

“ನೀನು ಮಗು. ಯೋಳಿದ್ರೆ ಆಮೇಲೆ ಇಂಗ್ಲಿಷ್ ಪುಸ್ತಕ ಮುಟ್ತಿದ್ಯಾ ನೀನು?” ಅತ್ತೆ ನೀರಿನ ಬಾಟಲಿ ಅವಳ ಕೈಗೆ ಕೊಟ್ಟಳು. “ಅಲ್ದೆ ನಿಂದೊಬ್ಳುದೇ ಏನಲ್ವಲ್ಲ. ನಿಮ್ಮಪ್ಪ ಮಾರ್ನೆ ದಿನ ಆ ಕಾಗ್ದನ ಎಡ್ಮಾಷ್ಟ್ರು ಪುಟ್ಟಬಸಪ್ಪನೋರ್ಗೂ ತೋರುಸ್ಕಂಡು ಬಂದ. ಮಗು ಓದಿರೋದೇ ಸರಿ ಅಂದ್ರಂತೆ ಅವ್ರೂ. ಅಷ್ಟು ದೊಡ್ಡ ಮೇಷ್ಟ್ರೇ ತಪ್ಪು ಓದುವಾಗ ನೀನ್ಯಾವ ಲೆಕ್ಕ.”

ಮಾನಸ ಬಾಟಲಿಯ ಮುಚ್ಚಳ ತೆಗೆದವಳು ಕುಡಿಯಲಿಲ್ಲ. ಪುಟ್ಟಬಸಪ್ಪ ಮೇಷ್ಟ್ರು ಊರಿನ ಶಾಲೆಯಲ್ಲಿ ಇಂಗ್ಲಿಷ್ ಹೇಳಿ, ಆ ಕಾಗದ ಬರುವ ಮುಂಚೆಯೇ ನಿವೃತ್ತರಾಗಿದ್ದವರು. ಬೇಸಿಗೆ ರಜೆಯಲ್ಲಿ ಅವಳನ್ನೂ ಕೂರಿಸಿಕೊಂಡು ವ್ಯಾಕರಣ ತಿದ್ದಿದ್ದರು. ಗುಂಡ್ಲುಪೇಟೆಯಿಂದ ತರಿಸುತ್ತಿದ್ದ ಇಂಗ್ಲಿಷ್ ಪೇಪರಿನಲ್ಲೇ ತಪ್ಪು ಹುಡುಕಿ ಕೆಂಪು ಪೆನ್ನಿನಿಂದ ಸುತ್ತು ಹಾಕುವ ಮನುಷ್ಯ. ಅವರು ಆ ಸಾಲನ್ನು ತಪ್ಪು ಓದಲು ಸಾಧ್ಯವಿರಲಿಲ್ಲ. ತನ್ನ ತಪ್ಪನ್ನು ಹೊತ್ತುಕೊಂಡು ಬಂದು ಇಲ್ಲಿ ಇಳಿಸಿ ಹಗುರಾಗಬಹುದು ಎಂದು ಒಳಗೊಳಗೇ ಆಸೆಪಟ್ಟಿದ್ದಳೇನೋ. ಈಗ ಅದೇ ತಪ್ಪು ತನ್ನದಾಗಿಯೇ ಉಳಿಯಲಿ ಎಂದು ಬೇಡಿಕೊಳ್ಳುವ ಹಾಗಾಯಿತು. ಪಕ್ಕದಲ್ಲಿ ಅತ್ತೆ ಬಾಡಿದ ಹೂಗಳನ್ನು ಆರಿಸಿ ಎಸೆಯುತ್ತಾ ಯಾವ ಕಾಲೇಜು, ಎಷ್ಟು ವರ್ಷ, ಕರಿ ಕೋಟು ಹೆಂಗಸರಿಗೂ ಉಂಟೇ ಎಂದು ಕೇಳುತ್ತಿದ್ದಳು. ಮಾನಸ ಉತ್ತರ ಕೊಟ್ಟಳು. ತನ್ನ ದನಿ ಸರಿಯಾಗಿಯೇ ಇತ್ತು.

ಸಂಜೆ ಮನೆಗೆ ಬಂದಾಗ ಅಪ್ಪ ಮಂಟೇಸ್ವಾಮಿ ಹಿತ್ತಲಿನ ನಲ್ಲಿಯಲ್ಲಿ ಕಾಲು ತೊಳೆಯುತ್ತಿದ್ದ. ಪಂಚಾಯಿತಿಯಲ್ಲಿ ಅವನು ನೀರುಗಂಟಿ. ಎರಡು ಹೊತ್ತೂ ಬೀದಿಬೀದಿಗೆ ನೀರು ಬಿಡುವವನು. ಯಾವ ಬೀದಿಗೂ ಐದು ನಿಮಿಷ ಕಡಿಮೆ ಬಿಟ್ಟವನಲ್ಲ ಎಂದು ಊರಿನಲ್ಲಿ ಹೆಸರಿತ್ತು. ಆ ಹೆಸರನ್ನು ಮಾನಸ ಕಾಲೇಜಿನ ಪ್ರಬಂಧವೊಂದರಲ್ಲಿ ಬರೆದು ಬಹುಮಾನ ಪಡೆದಿದ್ದಳು. ಅವ್ವ ಬಾಗಿಲಲ್ಲಿ ಮೊರ ಹಿಡಿದು ಬೇಳೆ ಆರಿಸುತ್ತಿದ್ದಳು.

“ಅಪ್ಪ, ಅತ್ತೆ ಕಾಗದನ ಪುಟ್ಟಬಸಪ್ಪ ಮೇಷ್ಟ್ರಿಗೆ ತೋರಿಸಿದ್ಯಾ?”

“ಯಾವ ಕಾಗ್ದ?”

“ಎಸ್ಟೇಟಿಂದು.”

ಅವನು ತೊಳೆದಿದ್ದ ಕಾಲಿಗೇ ಮತ್ತೊಂದು ಚೊಂಬು ನೀರು ಹುಯ್ದುಕೊಂಡ. “ತೋರುಸ್ದೆ.”

“ಏನಂದ್ರು?”

“ಅದ್ಯಾಕೀಗ.”

“ಏನಂದ್ರು ಅಪ್ಪ.”

ಅವನು ಚೊಂಬು ಕೆಳಗಿಟ್ಟ. ಮಾತಾಡದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಮಾನಸಳಿಗೆ ಆಮೇಲೆ ಅನ್ನಿಸಿತು. “ಸರಿಯಾಗೇ ಯೋಳುದ್ರು. ಕೆಲ್ಸ ಸಿಕ್ಕೇ ಸಿಗ್ತದೆ ಅಂತ ಇದ್ರಲ್ಲಿಲ್ಲ, ನಿಮ್ಮಕ್ಕ ಮೊದ್ಲು ಓಗಿ ಕೇಳ್ಕಂಡ್ ಬರ್ಲಿ, ಇಲ್ಲೀದ ಬುಡದು ಬ್ಯಾಡ ಅಂದ್ರು.”

“ನೀನು ಬಂದು ಏನು ಹೇಳಿದೆ?”

“ನೀನ್ ಓದಿರೋದು ಸರಿ ಅಂದೆ.”

“ರಾಜೀನಾಮೆ ಬರೆಸಿದ್ದು ಯಾರು?”

“ನಾನೇಯ.” ಅವನು ಟವೆಲಿನಿಂದ ಒಂದೊಂದೇ ಬೆರಳು ಒರೆಸಿಕೊಂಡ. “ಆ ತಿಂಗ್ಳು ನಿನ್ ವ್ಯಾನು ನಿಲ್ಸಬೇಕು ಅಂತಿದ್ದೊ. ನಿಮ್ಮವ್ವಂಗೆ ಒಂದ್ ಕೆಲ್ಸ ಅಂತ ಆದ್ರೆ...” ಎಂದವನು ಅಲ್ಲಿಗೇ ನಿಲ್ಲಿಸಿದ. ವಾಕ್ಯದ ಉಳಿದರ್ಧ ಅವನ ಎದುರಿಗೆ ನಿಂತಿತ್ತು, ಹದಿನೆಂಟು ವರ್ಷದ್ದು, ಕೂದಲಲ್ಲಿ ಅರಿಸಿನದ ವಾಸನೆಯಿತ್ತು. ಮಾನಸಳಿಗೆ ಅಪ್ಪನ ಮೇಲೆ ಬರಬೇಕಾದ ಸಿಟ್ಟು ಬರಲಿಲ್ಲ. ಕಾಲಡಿ ನೆಲ ಇದ್ದ ಹಾಗೇ ಇದೆಯಲ್ಲ ಎಂಬ ಪೆದ್ದು ಆಶ್ಚರ್ಯವಷ್ಟೇ ಬಂತು. ಅವ್ವನ ಕಡೆ ತಿರುಗಿದಳು. ಅವ್ವ ಮೊರದ ಮೇಲೆ ಬೆರಳಿಟ್ಟವಳು ಹಾಗೇ ಇದ್ದಳು. ಅವಳಿಗೆ ಇದೊಂದೂ ತಿಳಿದಿರಲಿಲ್ಲ ಎಂಬುದು ಆ ಬೆರಳು ನೋಡಿದರೇ ಗೊತ್ತಾಗುತ್ತಿತ್ತು. ಗಂಡನ ಅಕ್ಕ ಬೇಡವೆಂದು ಬಿಟ್ಟುಹೋದ ಕೆಲಸ ತನ್ನ ಪುಣ್ಯಕ್ಕೆ ಬಂತು ಎಂದು ಆರು ವರ್ಷ ನಂಬಿಕೊಂಡಿದ್ದವಳು. ಅವ್ವ ಒಳಗೆ ಹೋದಳು. ಇಬ್ಬರಿಗೂ ಮುದ್ದೆ ಇಟ್ಟಳು, ಸಾರು ಬಿಟ್ಟಳು, ತಾನು ಉಣ್ಣಲಿಲ್ಲ. ಅಪ್ಪ ಒಂದು ಸಲ, “ಅಕ್ಕಂಗೆ ಯೋಳ್ಬ್ಯಾಡಿ” ಎಂದ. ಯಾರಿಗೆ ಹೇಳಿದನೋ, ಇಬ್ಬರೂ ಕೇಳಿಸಿಕೊಂಡರು. ಮಾನಸ ಚಾಪೆಯ ಮೇಲೆ ಬಿದ್ದುಕೊಂಡು, ಹೇಳಿದರೆ ಏನಾಗುತ್ತದೆ, ಹೇಳದಿದ್ದರೆ ಏನಾಗುತ್ತದೆ ಎಂದು ಬೋರ್ಡಿನ ಮೇಲಿನ ಹಾಗೆ ಎರಡು ಸಾಲು ಮಾಡಿಕೊಳ್ಳಲು ನೋಡಿದಳು. ಎರಡು ಸಾಲಿನ ಕೊನೆಯಲ್ಲೂ ಹೂವಿನ ಚೀಲಗಳ ನಡುವೆ ಕೂತು ಕರಿ ಕೋಟಿನ ವಿಚಾರ ಕೇಳುತ್ತಿರುವ ಅತ್ತೆಯೇ ಇದ್ದಳು.

ಬೆಳಿಗ್ಗೆ ಎದ್ದಾಗ ಅವ್ವ ಮನೆಯಲ್ಲಿರಲಿಲ್ಲ. ಅಪ್ಪ ನೀರು ಬಿಟ್ಟು ಬಂದು ಜಗಲಿಯ ಗೋಡೆಗೆ ಕನ್ನಡಿ ತೂಗುಹಾಕಿ ಮುಖಕ್ಕೆ ಸೋಪಿನ ನೊರೆ ಹಚ್ಚಿಕೊಳ್ಳುತ್ತಿದ್ದ. ಒಂದು ಕೆನ್ನೆ ಮುಗಿಸುವಷ್ಟರಲ್ಲಿ ಬೀದಿಯಲ್ಲಿ ಅತ್ತೆ ಬರುವುದು ಕಾಣಿಸಿತು, ಹಿಂದೆ ಅವ್ವ. ಅತ್ತೆ ಕೆಲಸಕ್ಕೆ ಹೊರಟವಳ ಹಾಗೆ ಹಳೆಯ ಅಂಗಿಯನ್ನು ಸೀರೆಯ ಮೇಲೆ ತೊಟ್ಟು, ತಲೆಗೆ ಟವೆಲು ಸುತ್ತಿ, ಊಟದ ಡಬ್ಬಿ ಹಿಡಿದಿದ್ದಳು. ಅವ್ವನ ಕೈಯಲ್ಲೂ ಒಂದು ಡಬ್ಬಿಯಿತ್ತು. ತಾನು ಹೇಳಬೇಕೋ ಬೇಡವೋ ಎಂದು ತೂಗಿನೋಡುತ್ತಾ ನಿದ್ದೆಹೋಗಿದ್ದ ಮಾತನ್ನು ಅವ್ವ ಬೆಳಗಾಗುವ ಮುಂಚೆ ನಡೆದುಹೋಗಿ ಹೇಳಿಬಿಟ್ಟಿದ್ದಾಳೆ ಎಂದು ಮಾನಸಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅತ್ತೆ ಜಗಲಿ ಹತ್ತಲಿಲ್ಲ. ಕೆಳಗೇ ನಿಂತಳು. ನಿನ್ನೆ ಹುಣಿಸೆ ಮರದಡಿ ಕಂಡ ಮುಖವಲ್ಲ ಅದು. ಮಗುವೊಂದರ ತಪ್ಪನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಆರು ವರ್ಷ ಬದುಕಿದ್ದವಳ ಮುಖದಿಂದ ಏನನ್ನೋ ತೆಗೆದುಹಾಕಿದ ಹಾಗಿತ್ತು.

“ಲೇ ಮಂಟೇಸ.”

ಅಪ್ಪ ಕನ್ನಡಿಯಲ್ಲೇ ಅವಳನ್ನು ನೋಡಿದ. ತಿರುಗಲಿಲ್ಲ.

“ಮೇಷ್ಟ್ರ ಎಸ್ರು ಯಾಕ್ಲಾ ತಂದೆ? ಆ ಮನ್ಸ ಎದ್ರು ಸಿಕ್ಕಿದಾಗೆಲ್ಲ, ಓದಕ್ಕೆ ಬರ್ದೋನು ಅಂತ ಮನ್ಸಲ್ಲೇ ಬಯ್ಕತಿದ್ನಲ್ಲ ನಾನು.” ಅವಳು ಉಸಿರು ತೆಗೆದುಕೊಂಡಳು. ದನಿ ಏರಲಿಲ್ಲ. “ನಿನ್ನೆಡ್ತಿಗೆ ಕೆಲ್ಸ ಬೇಕು, ಬುಟ್ಕೊಡಕ್ಕ ಅಂತ ಒಂದ್ ಮಾತು ಕೇಳಿದ್ರೆ ನಾನೇ ಬುಟ್ಕೊಡ್ತಿದ್ದೆ ಕಣ್ಲಾ.”

ಬೀದಿಯ ಕೊನೆಯಲ್ಲಿ ಗೂಡ್ಸ್ ಆಟೋ ಬಂದು ಹಾರನ್ ಹೊಡೆಯಿತು. ಅತ್ತೆ ತಿರುಗಿ ಮಾನಸಳನ್ನು ನೋಡಿದಳು, ಆಟೋದ ಕಡೆ ನಡೆದಳು. ಅವ್ವ ಸೊಂಟದಿಂದ ಶಾಲೆಯ ಅಡಿಗೆಮನೆಯ ಬೀಗದ ಕೈಗಳನ್ನು ತೆಗೆದು ಜಗಲಿಯ ಅಂಚಿನ ಮೇಲಿಟ್ಟಳು. ಅಪ್ಪನನ್ನಾಗಲಿ ಮಾನಸಳನ್ನಾಗಲಿ ನೋಡಲಿಲ್ಲ. ಅತ್ತೆಯ ಹಿಂದೆಯೇ ಹೋಗಿ, ಆಟೋದ ಹಿಂಬದಿಯ ಕಂಬಿ ಹಿಡಿದು, ಮೇಲಿದ್ದ ಹೆಂಗಸೊಬ್ಬಳು ಚಾಚಿದ ಕೈ ಹಿಡಿದು ಹತ್ತಿದಳು. ಅತ್ತೆ ಅವಳಿಗೆ ಜಾಗ ಬಿಟ್ಟಳೋ, ಜಾಗವೇ ಇದ್ದಿತೋ ಇಲ್ಲಿಂದ ತಿಳಿಯಲಿಲ್ಲ. ಇಬ್ಬರೂ ಪಕ್ಕಪಕ್ಕದಲ್ಲಿ ಮುಖ ಬೇರೆ ಬೇರೆ ಕಡೆ ಮಾಡಿಕೊಂಡು ನಿಂತಿದ್ದರು. ಆಟೋ ಹೊರಟಿತು. ಅತ್ತೆ ಹೇಳಿದ್ದು ನಿಜವೇ, ಕೇಳಿದ್ದರೆ ಬಿಟ್ಟುಕೊಡುತ್ತಿದ್ದಳೇ, ಅಷ್ಟು ಕಷ್ಟದಿಂದ ಗೆದ್ದ ಒಲೆಯನ್ನು? ಅಥವಾ ತಮ್ಮನ ಎದೆಯ ಮೇಲೆ ಇಡಲು ಅದಕ್ಕಿಂತ ಭಾರದ ಮಾತು ಸಿಗದೆ ಅದನ್ನೇ ಇಟ್ಟುಹೋದಳೇ? ಪರೀಕ್ಷಿಸಿ ನೋಡುವ ದಾರಿಯಿರಲಿಲ್ಲ. ಅಪ್ಪ ಕೇಳಿಯೇ ಇರಲಿಲ್ಲ.

“ಕೊಡ್ತಿದ್ಲು,” ಎಂದ ಅಪ್ಪ. ನೊರೆ ಅವನ ಒಂದು ಕೆನ್ನೆಯ ಮೇಲೆ ಒಣಗುತ್ತಿತ್ತು. “ನಂಗೊತ್ತಿತ್ತು. ಗೊತ್ತಿದ್ದುದ್ಕೇ ಕೇಳಕ್ಕಾಗ್ಲಿಲ್ಲ ಕಣವ್ವ. ಕೇಳಿದ್ರೆ ಅವ್ಳು ಕೊಟ್ಟಂಗಾಯ್ತದೆ. ದಿನಾ ಅವ್ಳ ಮೊಖ ನೋಡ್ಬೇಕು.”

ಮಾನಸ ಕಂಬಕ್ಕೆ ಕೈಯೂರಿದಳು. ಕದಿಯುವುದು ಕೇಳುವುದಕ್ಕಿಂತ ಸುಲಭವಾಗಿ ಕಂಡ ಮನುಷ್ಯ ತನ್ನ ಅಪ್ಪ. ಅವನು ಇದನ್ನು ನೀರಿನ ಸಮಯ ಹೇಳುವಷ್ಟೇ ಸಹಜವಾಗಿ ಹೇಳಿದ್ದ. ಅವಳಿಗೆ ಹೆಚ್ಚು ದಿಗಿಲಾದದ್ದು, ಆ ಮಾತು ತನಗೆ ಅರ್ಥವಾಯಿತು ಎಂಬುದಕ್ಕೆ. ಮೇಲಿನ ಬೀದಿಯ ಕಡೆಯಿಂದ ಬ್ಯಾಗು ಹಾಕಿಕೊಂಡ ಮಕ್ಕಳು ಒಬ್ಬೊಬ್ಬರಾಗಿ ಶಾಲೆಯ ಕಡೆ ಹೋಗತೊಡಗಿದರು. ಅಪ್ಪ ಅವರನ್ನು ನೋಡಿದ, ಜಗಲಿಯ ಅಂಚಿನಲ್ಲಿದ್ದ ಬೀಗದ ಕೈಗಳನ್ನು ನೋಡಿದ. ಟವೆಲಿನಿಂದ ನೊರೆಯನ್ನು ಒರೆಸಿಕೊಂಡ; ಅರ್ಧ ಮುಖ ನುಣ್ಣಗೆ, ಅರ್ಧ ಮುಖ ನರೆತ ಕೂಳೆಯಾಗಿ ಹಾಗೇ ಉಳಿಯಿತು. ಬೀಗದ ಕೈ ಎತ್ತಿಕೊಂಡು ಮೆಟ್ಟಿಲಿಳಿದು, ಬೀದಿಯವರು ನೋಡುತ್ತಿದ್ದಂತೆಯೇ, ಮಕ್ಕಳ ಹಿಂದೆ ನಡೆದ. ಮಾನಸ ಎಷ್ಟು ಹೊತ್ತು ನಿಂತಿದ್ದಳೋ. ಆಮೇಲೆ ಚಪ್ಪಲಿ ಕೂಡ ಮೆಟ್ಟದೆ ಹೋದಳು. ಅವಳು ಶಾಲೆಯ ಹಿಂಭಾಗ ತಲುಪಿದಾಗ ಅಡಿಗೆಮನೆಯ ಬಾಗಿಲು ತೆರೆದಿತ್ತು. ಅಪ್ಪ ಅಕ್ಕಿಯ ಚೀಲದ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಅಳೆಯುವ ಸೇರು ಕೈಯಲ್ಲಿ ಹಿಡಿದುಕೊಂಡಿದ್ದ. ಅವಳು ಬಂದ ಸದ್ದಿಗೆ ತಲೆಯೆತ್ತಿ, “ಎಷ್ಟಾಕ್ತಾರೆ ಮಗ?” ಎಂದು ಕೇಳಿದ. ಎಷ್ಟು ಮಕ್ಕಳಿದ್ದಾರೆ, ಎಷ್ಟು ಅಕ್ಕಿ ಬೇಕು, ಅವನಿಗೆ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ.